ನಿಧಾನ ಓಡಿದ ಹನುಮಪ್ಪ

ಬಸ್ಸಿನ ಹಿಂದೆ ಓಡುವ ವಿಷಯದಲ್ಲಿ ನನಗೊಂದು ಚಟ ಅಂಟಿಕೊಂಡಿದೆ. ಇನ್ನು ಬಸ್ಸು ಸಿಗುವುದಿಲ್ಲ ಎಂದು ಖಾತ್ರಿಯಾದ ಗಳಿಗೆಗೆ ನಾನು ಓಟ ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತೇನೆ. ಮೊಣಕಾಲು ಮೆಲ್ಲಗೆ ಮೇಲೇಳುತ್ತದೆ, ಗಾಳಿಯಲ್ಲಿ ನಿಂತು ಸ್ವಲ್ಪ ವಿಚಾರ ಮಾಡುತ್ತದೆ, ಬೇಸರಪಟ್ಟುಕೊಂಡು ಕೆಳಗಿಳಿಯುತ್ತದೆ. ಗಲ್ಲ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತುಳುಕುತ್ತದೆ. ಮೊನ್ನೆ ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸಿನ ಹಿಂದೆ ಹೀಗೇ ತೇಲಾಡುತ್ತಿದ್ದಾಗ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕೂಗಿದ:

"ಏನ್ರೀ, ನೀರಾಗ ಓಡಾಕತ್ತೀರೇನು? ಬರೂದಿದ್ರ ಬರ್ರಿ, ಇಲ್ಲಾಂದ್ರ ಮನಿಗಿ ನಡೀರಿ!"

ನಿಂತವರೆಲ್ಲ ನಕ್ಕರು. ನಾನು ಬಾಗಿ ನಮಸ್ಕಾರ ಮಾಡಿದೆ. ಅವರಿಗೆ ಗೊತ್ತಿಲ್ಲದ್ದು ಇಷ್ಟೇ: ನನಗೆ ನಿಜಕ್ಕೂ ಓಡುವ ತ್ರಾಣ ಇರಲಿಲ್ಲ. ಈಚೆಗೆ ಬಹಳ ದಣಿಯುತ್ತೇನೆ. ವಯಸ್ಸು ಇನ್ನೂ ಮೂವತ್ತು ದಾಟಿಲ್ಲ, ಆದರೆ ನಮ್ಮ ಕಡೆಯ ಬಿಸಿಲಿಗೆ ವಯಸ್ಸು ಕೇಳಿ ಹೊಡೆಯುವ ಪದ್ಧತಿ ಇಲ್ಲ. ದಣಿದದ್ದನ್ನು ಹಾಗೇ ತೋರಿಸಿದರೆ ಜನ ಅಯ್ಯೋ ಎನ್ನುತ್ತಾರೆ. ಸ್ವಲ್ಪ ತಿದ್ದಿ ತೀಡಿ ತೋರಿಸಿದರೆ ಚಪ್ಪಾಳೆ ಹೊಡೆಯುತ್ತಾರೆ. ನನ್ನ ಇಡೀ ವಿದ್ಯೆ ಇಷ್ಟರಲ್ಲೇ ಬಂತು.

ಈಗಿನ ಹುಡುಗರು ನಾನಿದನ್ನು ಟೀವಿ ನೋಡಿ ಕಲಿತೆ ಅಂದುಕೊಂಡಿದ್ದಾರೆ. ಟೀವಿಯವರ ಕಥೆ ಬೇರೆ. ಅವರು ಕ್ರಿಕೆಟ್ಟಿನಲ್ಲಿ ಔಟಾದವನನ್ನು ನಿಧಾನ ಮಾಡಿ ತಿರುತಿರುಗಿ ತೋರಿಸುವಾಗ ನಮ್ಮ ಸೋದರತ್ತೆ, "ಪಾಪ, ಒಬ್ಬನ್ನೇ ಎಷ್ಟು ಸಲ ಔಟ್ ಮಾಡ್ತಾರೋ ಯವ್ವಾ, ಅವನ ಕಡಿ ಕೇಳವ್ರು ಯಾರೂ ಇಲ್ಲೇನು" ಎಂದು ಸಿಟ್ಟಿಗೇಳುತ್ತಾಳೆ. ನಾನು ಕಲಿತದ್ದು ಟೀವಿ ಬರುವ ಮೊದಲು, ಒಂದು ಮುದಿ ವ್ಯಾನಿನ ಬಾಲ ಹಿಡಿದು ಊರೂರು ತಿರುಗುವಾಗ.

ಓಟಕ್ಕೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಶಾಲೆಯ ಓಟದ ಪಂದ್ಯದಲ್ಲಿ ನಾನು ಕಡೆಯವನಾಗಿ ಓಡುತ್ತಾ, ಮುಂದಿನವರ ಬಗ್ಗೆ ರೇಡಿಯೋದವರ ದನಿಯಲ್ಲಿ ವರದಿ ಕೊಡುತ್ತಿದ್ದೆ. "ಇದೀಗ ಬಸವರಾಜನ ಚಡ್ಡಿಯ ಗುಂಡಿ ಕಳಚಿದೆ, ಆದರೂ ಛಲ ಬಿಟ್ಟಿಲ್ಲ…" ಮೈದಾನದ ಮಂದಿಯೆಲ್ಲ ಗೆದ್ದವನನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಡ್ರಿಲ್ ಮಾಸ್ತರರು ಮಾತ್ರ, "ಲೇ, ಬಾಯಿ ಓಡ್ಸೂದು ಬಿಟ್ಟು ಕಾಲು ಓಡ್ಸಲೇ" ಎಂದು ಕಿವಿ ಹಿಂಡುತ್ತಿದ್ದರು. ಹಿಂಡುವಾಗ ಅವರ ಮೂಗಿನ ಹೊಳ್ಳೆ ಹೇಗೆ ಅರಳುತ್ತಿತ್ತೆಂದು ಮರುದಿನ ಮಾಡಿ ತೋರಿಸಿದೆ; ಇನ್ನೊಂದು ಕಿವಿಯೂ ಹೋಯಿತು. ನಮ್ಮಲ್ಲಿ ಬಯಲಾಟದ ಕೋಡಂಗಿಗೆ ನಕಲಿ ಅನ್ನುತ್ತಾರೆ. ನನಗೆ ಓಣಿಯಲ್ಲಿ ಉಳಿದ ಹೆಸರು ಅದೇ.

ಮುಂದೆ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಉರುಳಿಬಿದ್ದೆ. ಇಂಗ್ಲಿಷಿನಲ್ಲಿ ಬಿದ್ದವನನ್ನು ಇಂಗ್ಲಿಷ್ ಪಿಕ್ಚರ್ ಜನಕ್ಕೆ ತಿಳಿಸಿ ಹೇಳುವ ಕೆಲಸಕ್ಕೆ ಇಟ್ಟುಕೊಂಡ ಕಚೇರಿಯೊಂದು ರಾಯಚೂರಿನಲ್ಲಿತ್ತು. ಯಾವುದೆಂದು ಕೇಳಬೇಡಿ, ಈಗಲೂ ಅಲ್ಲಿನ ಫ್ಯಾನಿನ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಬಲ್ಲೆ. ಕಚೇರಿಗೆ ಒಂದು ವ್ಯಾನಿತ್ತು, ವ್ಯಾನಿನೊಳಗೆ ಪಿಕ್ಚರ್ ಮಷೀನು, ಒಂದು ಬಿಳಿ ಪರದೆ, ಡಬ್ಬಿಗಳಲ್ಲಿ ರೀಲು. ಗೊಬ್ಬರದ ಪಿಕ್ಚರು, ಸಿಡುಬಿನ ಪಿಕ್ಚರು, ಇವುಗಳ ನಡುವೆ ಹೇಗೋ ಸೇರಿಕೊಂಡ ಒಂದಷ್ಟು ಹೊರದೇಶದ ಆಟೋಟದ ಪಿಕ್ಚರು. ವ್ಯಾನು ಓಡಿಸುವುದೂ ಮಷೀನು ಓಡಿಸುವುದೂ ಖಾದರ್‌ಭಾಯಿ ಒಬ್ಬರೇ. ಎರಡನ್ನೂ ಒಂದೇ ವೇಗದಲ್ಲಿ ಓಡಿಸುತ್ತಿದ್ದರು, ಎರಡೂ ದಾರಿಯಲ್ಲಿ ನಿಲ್ಲುತ್ತಿದ್ದವು, ಎರಡಕ್ಕೂ ಅವರು ಬೈಯುವ ಮಾತು ಒಂದೇ. ನನ್ನ ಕೆಲಸ ಮೈಕು ಹಿಡಿದು ಮಾತಾಡುವುದು.

ಆ ಆಟೋಟದ ರೀಲುಗಳನ್ನು ನಮ್ಮ ಜನ ನೋಡುವುದನ್ನು ನೀವು ನೋಡಬೇಕಿತ್ತು. ಒಬ್ಬ ಬಿಳಿ ಮನುಷ್ಯ ಉದ್ದನೆಯ ಗಳ ಊರಿ ಆಕಾಶಕ್ಕೆ ನೆಗೆದ. ಮಟಮಾರಿಯಲ್ಲಿ ಒಬ್ಬ ಅಜ್ಜ ಎದ್ದು ನಿಂತು, "ಇವ ಗ್ವಾಡಿ ಹಾರಿ ಕಳವು ಮಾಡಾಂವ, ಹಿಡೀರಿ" ಎಂದ. ಇನ್ನೊಬ್ಬ ಕಬ್ಬಿಣದ ಗುಂಡನ್ನು ಕತ್ತಿನ ಬಳಿ ಇಟ್ಟುಕೊಂಡು ತಿರುಗಿ ಎಸೆದ. ಗುಂಜಹಳ್ಳಿಯ ಗುಂಡು ಎತ್ತುವ ಪೈಲ್ವಾನರಿಗೆ ಬಹಳ ಬೇಜಾರಾಯಿತು: "ಎತ್ತೀದಿ ಖರೇ, ಒಗದ್ಯಾಕ? ಹೊತ್ಕೊಂಡು ತಿರಗಬೇಕಪಾ, ಅದು ಗಂಡಸ್ತನ." ನಡಿಗೆಯ ಪಂದ್ಯ ಬಂದಾಗ ದೇವದುರ್ಗವೇ ಬಿದ್ದು ಬಿದ್ದು ನಕ್ಕಿತು. ಅವಸರಕ್ಕೆ ಬಯಲಿಗೆ ಹೋಗುವವರು ಕೂಡ ಅಷ್ಟು ಕುಂಡಿ ತಿರುಗಿಸುವುದಿಲ್ಲ ಎಂಬುದು ಸಭೆಯ ಒಮ್ಮತದ ಅಭಿಪ್ರಾಯ. ನಾನು ಮೈಕಿನಲ್ಲಿ ಎಲ್ಲಕ್ಕೂ ಒಗ್ಗರಣೆ ಹಾಕುತ್ತಿದ್ದೆ. ಪಿಕ್ಚರಿನೊಳಗಿನ ಇಂಗ್ಲಿಷಿನವ ಏನು ಹೇಳುತ್ತಿದ್ದನೋ ದೇವರಿಗೇ ಗೊತ್ತು. ನಾನು ಹೇಳುತ್ತಿದ್ದದ್ದು: "ನೋಡ್ರಿ ನೋಡ್ರಿ, ಸಾಲ ಕೊಟ್ಟಾಂವ ಬಂದಂಗಾತು, ಅದಕ್ಕ ಓಡಾಕತ್ತಾನ!"

ಆದರೆ ಒಂದೇ ರೀಲನ್ನು ದಿನಾ ನೋಡಿ ನೋಡಿ ಒಂದು ಹಂತಕ್ಕೆ ಬೇಸರ ಬರುತ್ತದಲ್ಲ, ಆ ಬೇಸರಕ್ಕೆ ಒಂದು ಕಣ್ಣಿರುತ್ತದೆ. ಯಾರು ಗೆಲ್ಲುತ್ತಾರೆಂದು ಗೊತ್ತಿರುವಾಗ ಗೆಲ್ಲುವವನನ್ನು ಯಾರು ನೋಡುತ್ತಾರೆ? ನಾನು ಮೆಲ್ಲಗೆ ಬೇರೆಯದನ್ನು ನೋಡತೊಡಗಿದೆ. ಉದ್ದ ಓಟದ ಒಂದು ರೀಲಿನಲ್ಲಿ ಕ್ಯಾಮರಾದವ ಓಡುವವನ ಮುಖವನ್ನೇ ತೋರಿಸುವುದಿಲ್ಲ. ರಸ್ತೆಯ ಮೇಲೆ ಅವನ ನೆರಳು. ಆಮೇಲೆ ಬರೀ ಪಾದ. ಆಮೇಲೆ ರಸ್ತೆಬದಿಯ ಒಂದು ಮರ, ಮರ ಹಿಂದಕ್ಕೆ ಹೋಗುವುದರಲ್ಲೇ ಅವನ ಏದುಸಿರು. ಇನ್ನೊಂದರಲ್ಲಿ ನಾಲ್ಕನೆಯವನಾಗಿ ಬಂದವ ಒಂದು ಕಂಬವನ್ನು ಹಿಡಿದು ನಿಲ್ಲುತ್ತಾನೆ, ಅಷ್ಟೇ. ಹಿಂದೆ ಗೆದ್ದವನನ್ನು ಎತ್ತಿ ಕುಣಿಸುತ್ತಿದ್ದಾರೆ. ಕ್ಯಾಮರಾ ಮಾತ್ರ ಈ ಕಂಬ ಹಿಡಿದ ಕೈಯನ್ನು ಬಿಟ್ಟು ಕದಲುವುದಿಲ್ಲ. ಎಲ್ಲಿಯ ದೇಶದ ಕ್ಯಾಮರಾದವನೋ, ಬೇಡದವನನ್ನು ನೋಡುತ್ತಾ ಯಾಕೆ ಕೂತ? ಆ ಜಾಗ ಬಂದಾಗ ನಾನು ಮೈಕನ್ನು ಬಾಯಿಂದ ದೂರ ಹಿಡಿಯುತ್ತಿದ್ದೆ. ಖಾದರ್‌ಭಾಯಿ ಗಮನಿಸಿದರು. "ಕ್ಯಾ ಬೇ ನಕಲಿ, ಇಲ್ಲಿ ಮಾತಾಡಲ್ಲ ನೀನು? ಗಂಟಲದಾಗ ಮಿರ್ಚಿ ಸಿಕ್ಕದೇನು?"

"ಇಲ್ಲಿ ಏನೂ ಆಗಂಗಿಲ್ಲಲ್ಲ ಭಾಯಿ."

"ಅದೇ ಅಂತೀನಿ. ಏನೂ ಆಗಲ್ಲ ಅಂದ್ರ ಮಂದಿ ಎದ್ದು ಹೋಗ್ತದ. ಏನರ ಒದರು."

ಇಂಥ ದಿನಗಳಲ್ಲಿ ಬೆಂಗಳೂರಿನಿಂದ ಕ್ಯಾಮರಾ ರಾಯರು ಬಂದರು. ನಮ್ಮ ಕಡೆಯ ಹಳ್ಳಿ ಆಟಗಳ ಮೇಲೆ ಒಂದು ಸಣ್ಣ ಪಿಕ್ಚರ್ ತೆಗೆಯಲು ಅವರನ್ನು ಕಳಿಸಿದ್ದರು. ತೆಳ್ಳಗೆ, ಬಿಳಿ ಹ್ಯಾಟು, ಎರಡು ನಿಮಿಷಕ್ಕೊಮ್ಮೆ "ಅಯ್ಯೋ, ಬಿಸ್ಲು ಕಣ್ರೀ" ಅನ್ನುವ ಬಾಯಿ. ಅದನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ ಚಹಾದಂಗಡಿಯವ ಕಣ್ಣು ಮುಚ್ಚಿ ನನಗೆ ರಾಯರ ಸಕ್ಕರೆ ಕಡಿಮೆ ಚಹಾ ಕೊಡುತ್ತಿದ್ದ. ಕ್ಯಾಮರಾ ಹೊರಲು ಕಚೇರಿ ನನ್ನನ್ನು ಅವರಿಗೆ ಒಪ್ಪಿಸಿತು. ಅದು ಚಾವಿ ಕೊಡುವ ಕ್ಯಾಮರಾ, ಗೋಡೆ ಗಡಿಯಾರದ ಹಾಗೆ. ಪೂರ್ತಿ ಚಾವಿ ಕೊಟ್ಟರೆ ಅರ್ಧ ನಿಮಿಷದಷ್ಟು ಓಡುತ್ತದೆ, ಆಮೇಲೆ ಟಕ್ ಎಂದು ನಿಲ್ಲುತ್ತದೆ. ಪರದೆಯ ಮೇಲೆ ಓಟ ನಿಧಾನವಾಗಿ ಕಾಣಬೇಕಾದರೆ ಒಳಗಿನ ಫಿಲಂ ಜೋರಾಗಿ ಓಡಬೇಕಂತೆ. ಆಗ ಚಾವಿ ಇನ್ನೂ ಬೇಗ ಮುಗಿಯುತ್ತದೆ. ಇದು ನನಗೆ ಅರ್ಥವಾಗಲು ಎರಡು ದಿನ ಹಿಡಿಯಿತು. ಖಾದರ್‌ಭಾಯಿಗೆ ಒಂದೇ ಏಟಿಗೆ ತಿಳಿಯಿತು: "ಅಂದ್ರ ನಮ್ಮ ಕಚೇರಿ ಸಾಹೇಬ್ರ ಹಂಗ. ಒಳಗ ಬಹಳ ಓಡ್ತಾರ, ಹೊರಗ ಏನೂ ಕಾಣಲ್ಲ."

ರಾಯಚೂರಿನ ಮೈದಾನದಲ್ಲಿ ರಾಯರು ಮಾಡಿಸಿದ ಮೊದಲ ಕೆಲಸ ಗುಂಡಿ ತೋಡಿಸಿದ್ದು. ಓಟ ಮುಗಿಯುವ ಗೆರೆಯ ಆಚೆ, ಎದೆಮಟ್ಟದ ಗುಂಡಿ. ಅದರಲ್ಲಿ ತಾವೇ ಇಳಿದು ಬಗ್ಗಿ ನಿಂತರು. ಹ್ಯಾಟು ಮಾತ್ರ ನೆಲದ ಮೇಲೆ ಇಟ್ಟಂತೆ ಕಾಣುತ್ತಿತ್ತು. ನೆರೆದ ಮಂದಿ ಯಾರನ್ನೋ ಹುಗಿಯುತ್ತಿದ್ದಾರೆಂದುಕೊಂಡು ಟೊಪ್ಪಿಗೆ ತೆಗೆದರು.

"ರಾಯರೇ, ಒಳಗ್ಯಾಕ್ರಿ? ಮ್ಯಾಲ ಖುರ್ಚಿ ಹಾಕೀವಲ್ರಿ."

"ಮೇಲಿಂದ ತೆಗೆದ್ರೆ ಹಿಂದ್ಗಡೆ ಟೀ ಅಂಗ್ಡಿ, ಸೈಕಲ್ಲು, ನಿಮ್ಮ ಮೂತಿ ಎಲ್ಲಾ ಬರತ್ತಪ್ಪ. ಓಡೋನ ಹಿಂದೆ ಆಕಾಶ ಬಿಟ್ಟು ಇನ್ನೇನೂ ಇರಬಾರ್ದು. ಗೆದ್ದೋನ ನಗು ಎಲ್ಲಾ ಊರಲ್ಲೂ ಒಂದೇ ಥರ. ಗೆರೆ ದಾಟಿದ್ಮೇಲೆ ಸುಸ್ತಾಗ್ತಾನಲ್ಲ, ಅದು ಒಬ್ಬೊಬ್ಬಂದು ಒಂದೊಂದು ಥರ. ನಂಗೆ ಅದು ಬೇಕು."

ಸುಸ್ತು ನೋಡಲು ಬೆಂಗಳೂರಿನಿಂದ ಇಷ್ಟು ದೂರ ಬರಬೇಕಿತ್ತೇ ಎಂದು ನಾನು ನಕ್ಕೆ. ನಮ್ಮಲ್ಲಿ ಅದೊಂದಕ್ಕೆ ಬರಗಾಲ ಬಂದದ್ದಿಲ್ಲ.

ಅಂದಿನ ದೊಡ್ಡ ಪಂದ್ಯ ಚೀಲದ ಓಟ. ಜೋಳ ತುಂಬಿದ ಚೀಲವನ್ನು ಬೆನ್ನಿಗೇರಿಸಿ ಮೈದಾನದ ಒಂದು ತುದಿಯಿಂದ ಇನ್ನೊಂದಕ್ಕೆ ಓಡಬೇಕು. ಗೆದ್ದವನಿಗೆ ಬೆಳ್ಳಿ ಕಡಗ. ಓಡುವವರಲ್ಲಿ ಇಬ್ಬರನ್ನು ನೀವು ನೆನಪಿಟ್ಟುಕೊಂಡರೆ ಸಾಕು. ಒಬ್ಬ ಹನುಮಪ್ಪ. ಹಿರೇಕೊಟ್ನೆಕಲ್ಲಿನ ಕೇರಿಯವ, ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲ. ಇನ್ನೊಬ್ಬ ವೀರೇಶ, ಅದೇ ಗಿರಣಿಯ ಧಣಿಯ ಅಕ್ಕನ ಮಗ. ಕಾಲೇಜು ಹುಡುಗ, ಕ್ಯಾನ್ವಾಸ್ ಬೂಟು, ಒಳ್ಳೆಯ ಮೈಕಟ್ಟು. ಹನುಮಪ್ಪ ಅವನನ್ನು ಚಿಕ್ಕ ಧಣಿ ಅನ್ನುತ್ತಿದ್ದ, ಅವನು ಹನುಮಪ್ಪನನ್ನು ಅಣ್ಣಾ ಅನ್ನುತ್ತಿದ್ದ. ಇಬ್ಬರಲ್ಲಿ ಕೆಟ್ಟವರು ಯಾರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಸುಮ್ಮನೆ ಕೆಟ್ಟವನನ್ನು ಹುಡುಕುತ್ತಾ ಕೂರುತ್ತೀರಿ.

ಸೀಟಿ ಊದಿದರು. ಹನುಮಪ್ಪ ಓಡಿದ. ಹೇಗೆ ಹೇಳಲಿ, ಚೀಲ ಅವನ ಬೆನ್ನಿನ ಮೇಲಿದೆ ಅನ್ನಿಸಲಿಲ್ಲ. ಚೀಲವೇ ಅವನನ್ನು ಹಿಂದಿನಿಂದ ನೂಕುತ್ತಿದೆ ಅನ್ನಿಸಿತು. ಗುಂಡಿಯೊಳಗಿನಿಂದ ರಾಯರು ಅವನನ್ನೇ ಹಿಡಿದರು, ನಿಧಾನ ಕಾಣುವ ಲೆಕ್ಕದಲ್ಲಿ. ಅತ್ತ ವೀರೇಶನ ಚೀಲ ಅರ್ಧ ದಾರಿಯಲ್ಲೇ ಜಾರಿ ಬಿತ್ತು, ಅವನು ನಗುತ್ತಾ ಅದರ ಮೇಲೆಯೇ ಕೂತುಬಿಟ್ಟ. ಹನುಮಪ್ಪ ಗೆರೆ ಮುಟ್ಟಿದ. ಮೈದಾನವೆಲ್ಲ ಹೋ ಎಂದಿತು. ಅವನ ಕೈಗೆ ಕಡಗ ಹಾಕಿದರು. ಅಷ್ಟರಲ್ಲಿ ಗುಂಡಿಯಿಂದ ಹ್ಯಾಟು ಮೇಲೆದ್ದಿತು.

"ಅಯ್ಯೋ, ಚಾವಿ ಮುಗಿದೋಯ್ತು ಕಣ್ರೀ! ಗೆರೆ ದಾಟಿದ್ದೇ ಸಿಕ್ಕಿಲ್ಲ. ಇನ್ನೊಂದ್ಸಲ ಓಡಿಸ್ತೀರಾ?"

ಮಂದಿ ಮುಖ ಮುಖ ನೋಡಿಕೊಂಡರು. ಮದುವೆಯಾದವನಿಗೆ ಫೋಟೋ ಸರಿ ಬಂದಿಲ್ಲ, ಇನ್ನೊಮ್ಮೆ ತಾಳಿ ಕಟ್ಟು ಅಂದಂತಾಯಿತು. ಆದರೂ ಬೆಂಗಳೂರಿನ ಮನುಷ್ಯ, ಗುಂಡಿಯೊಳಗೆ ಬೇರೆ ನಿಂತಿದ್ದಾನೆ, ಇಲ್ಲ ಅನ್ನುವುದು ಹೇಗೆ? ನಾನು ಹನುಮಪ್ಪನ ಬಳಿ ಹೋಗಿ ಹೇಳಿದೆ: "ಸುಮ್ಮನ ಓಡಪಾ, ಪಿಕ್ಚರಿಗಿ. ಜೋರು ಮಾಡಬ್ಯಾಡ, ಓಡಿದಂಗ ಮಾಡು."

ಅವನಿನ್ನೂ ಏದುಸಿರು ಬಿಡುತ್ತಿದ್ದ. "ಓಡಿದಂಗ ಮಾಡೂದು ಅಂದ್ರ ಹೆಂಗ್ರಿ?"

ನಾನು ಮಾಡಿ ತೋರಿಸಿದೆ. ಬೆನ್ನು ಬಾಗಿಸಿ, ನಾಲಿಗೆ ಹೊರಚಾಚಿ, ಕಣ್ಣು ತೇಲಿಸಿ, ದಣಿದ ಹಮಾಲನ ಪಾರ್ಟು. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡರು. ಹನುಮಪ್ಪನೂ ನಕ್ಕ. "ಭಾಳ ಚಂದ ಮಾಡ್ತೀರಿ," ಎಂದ. "ಆದ್ರ ಚೀಲ ಎಲ್ಲದ್ರಿ?"

ಎರಡನೇ ಓಟ. ಸುಮ್ಮಸುಮ್ಮನೆ ಓಡುವುದು ಹನುಮಪ್ಪನಿಗೆ ಬರಲಿಲ್ಲ. ಬೆನ್ನ ಮೇಲೆ ಚೀಲ ಬಂದ ಕೂಡಲೇ ಅವನ ಕಾಲು ನಿಜವಾದ ಓಟವನ್ನೇ ಓಡಿತು. ಆದರೆ ಮೊದಲನೆಯದರಲ್ಲಿ ಇದ್ದದ್ದೆಲ್ಲ ಖರ್ಚಾಗಿತ್ತು. ವೀರೇಶನೋ, ಅರ್ಧ ದಾರಿಯಲ್ಲಿ ಕೂತು ದಣಿವಾರಿಸಿಕೊಂಡವನು. ಈ ಸಲ ಚೀಲ ಜಾರಲಿಲ್ಲ. ಗೆರೆಯ ಹತ್ತಿರ ಬಂದಾಗ ಅವನು ಮುಂದಿದ್ದ, ಹನುಮಪ್ಪ ಹಲ್ಲು ಕಚ್ಚಿ ಹಿಂದಿದ್ದ. ರಾಯರು ಚಾವಿ ಉಳಿಸಲೆಂದು ವೀರೇಶನನ್ನು ಮಾಮೂಲಿ ವೇಗದಲ್ಲಿ ತೆಗೆದು, ತಕ್ಷಣ ನಿಧಾನದ ಲೆಕ್ಕಕ್ಕೆ ತಿರುಗಿಸಿ ಕ್ಯಾಮರಾವನ್ನು ಹಿಂದಿನವನ ಕಡೆ ಹೊರಳಿಸಿದರು. ಹನುಮಪ್ಪ ಗೆರೆ ದಾಟಿದ. ಚೀಲ ಒಗೆಯಲಿಲ್ಲ. ಹಮಾಲರು ಕಾಳಿನ ಚೀಲ ಒಗೆಯುವುದಿಲ್ಲ, ಹೊಲಿಗೆ ಬಿಚ್ಚುತ್ತದೆ. ಅದನ್ನು ಹೊತ್ತೇ ಮೊಣಕಾಲೂರಿ, ಮೆಲ್ಲಗೆ ಬೆನ್ನಿನಿಂದ ನೆಲಕ್ಕಿಳಿಸಿ, ಆಮೇಲೆ ಅದಕ್ಕೇ ಹಣೆ ಹಚ್ಚಿ ಕೂತ. ಚಾವಿ ಮುಗಿಯುವ ತನಕ ಕ್ಯಾಮರಾ ಗರಗರ ಅನ್ನುತ್ತಲೇ ಇತ್ತು.

ಕಡಗ ಹಾಕುವುದನ್ನೂ ತೆಗೆಯಬೇಕಲ್ಲ? ಪಿಕ್ಚರಿನಲ್ಲಿ ಗೆರೆ ಮೊದಲು ದಾಟಿದವನ ಕೈಯಲ್ಲೇ ಅದು ಇರಬೇಕು. ಹನುಮಪ್ಪನ ಕೈಯಿಂದ ಬಿಚ್ಚಿ ವೀರೇಶನ ಕೈಗೆ ಹಾಕಿ ತೆಗೆದರು. ಆಮೇಲೆ ವೀರೇಶನೇ ಅದನ್ನು ತಂದು ಮತ್ತೆ ಅವನ ಕೈಗೆ ತೊಡಿಸಿ, "ಅಣ್ಣಾ, ಇದು ನಿಂದಽ, ನಂದು ಬರೀ ಡ್ರಾಮಾ" ಎಂದ. ಮೂರನೇ ಸಲ ಓಡಿಸೋಣವೇ ಎಂದು ನಾನು ರಾಯರನ್ನು ಕೇಳಿದೆ. ಫಿಲಂ ಮುಗಿದಿತ್ತು. ಹನುಮಪ್ಪ ಎದ್ದು ನಿಲ್ಲುವ ಸ್ಥಿತಿಯಲ್ಲೂ ಇರಲಿಲ್ಲ. ನಾವೆಲ್ಲ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿಂದು ಮನೆಗೆ ಹೋದೆವು.

ಫಿಲಂ ಎಲ್ಲೆಲ್ಲೋ ಹೋಗಿ ತೊಳೆಸಿಕೊಂಡು, ಕತ್ತರಿಸಿಕೊಂಡು, ಅಂಟಿಸಿಕೊಂಡು ಮರುವರ್ಷ ವಾಪಸು ಬಂತು. ಕಚೇರಿಯಲ್ಲಿ ಕಿಟಕಿಗೆ ಕಂಬಳಿ ಹಾಕಿ ನೋಡಿದೆವು. ಚಂದ ಇತ್ತು. ಅಷ್ಟು ಚಂದದ ರಾಯಚೂರನ್ನು ನಾನು ಎಂದೂ ನೋಡಿರಲಿಲ್ಲ. ಬರೀ ಆಕಾಶ, ಆಕಾಶದಲ್ಲಿ ಚೀಲ ಹೊತ್ತ ಮನುಷ್ಯರು. ಆದರೆ ಕತ್ತರಿ ಹಿಡಿದವರು ಎರಡು ಓಟವನ್ನೂ ಕಲಸಿ ಒಂದೇ ಮಾಡಿದ್ದರು. ಹನುಮಪ್ಪ ಓಡುವುದು ಮೊದಲನೆಯ ಓಟದ್ದು, ನಿಧಾನವಾಗಿ. ಗೆರೆ ಮುಟ್ಟುವುದು ಎರಡನೆಯದರ ವೀರೇಶ, ಜೋರಾಗಿ. ಅಂದರೆ ಗೆದ್ದ ಓಟವನ್ನೇ ಓಡುತ್ತಾ ಹನುಮಪ್ಪ ಸೋತುಹೋಗುತ್ತಿದ್ದ.

ಈ ರೀಲನ್ನು ಹಿರೇಕೊಟ್ನೆಕಲ್ಲಿಗೆ ಒಯ್ಯಬೇಕಾಗಿ ಬಂತು. ವ್ಯಾನು ಊರೊಳಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಹನುಮಪ್ಪ ತೊಳೆದ ಅಂಗಿ ಹಾಕಿಕೊಂಡು, ಕಡಗದ ಕೈಯ ತೋಳು ಮಡಿಸಿಕೊಂಡು ಕಾದಿದ್ದ. ಪರದೆ ಕಟ್ಟಲು ಹಗ್ಗ ಹಿಡಿದ. ಕತ್ತಲಾಗುವ ತನಕ ನಾನು ಎಂದಿನಂತೆ ಮಂದಿಯನ್ನು ನಗಿಸಿದೆ; ಊರ ಹಿರಿಯ ಗೌಡರ ಕೆಮ್ಮು, ವ್ಯಾನಿನ ಕೆಮ್ಮು, ಎರಡೂ ಒಟ್ಟಿಗೆ. ಗೌಡರೇ ಕಣ್ಣೀರು ಬರುವಂತೆ ನಕ್ಕರು. ನಡುವೆ ಹನುಮಪ್ಪನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದೆ.

ಅವನು ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದ. "ಊರಿಗೆಲ್ಲ ಗೆದ್ದೀನಿ ಅಂತ ಹೇಳೀನ್ರಿ. ನಮ್ಮವ್ವ ಅಂತೂ ಬಾವಿ ಕಟ್ಟಿಗಿ ಕುಂತು ಹೇಳ್ಯಾಳ. ನೀವು ಮೈಕಿನ್ಯಾಗ ಹೇಳಿಬಿಡ್ರಿ, ಇದು ಎರಡನೇದು, ಮೊದಲನೇದು ಇವನೇ ಗೆದ್ದಾನ ಅಂತ."

"ಹೇಳ್ತೀನಿ. ಅದೇನ್ ದೊಡ್ಡ ಮಾತು."

ಪಿಕ್ಚರು ಶುರುವಾಯಿತು. ಹನುಮಪ್ಪ ಪರದೆಯ ಮೇಲೆ ಬಂದ ಕೂಡಲೇ ಊರು ಸೀಟಿ ಹೊಡೆಯಿತು. ಆಮೇಲೆ ಸೀಟಿ ಒಂದೊಂದಾಗಿ ನಿಂತಿತು. ಅವನ ಮೊಣಕಾಲು ಮೆಲ್ಲಗೆ ಮೇಲೇರಿತು, ಚೀಲ ಮೆಲ್ಲಗೆ ಒಮ್ಮೆ ಎಡಕ್ಕೆ ವಾಲಿ ಬಲಕ್ಕೆ ಬಂತು, ಪಾದದಡಿಯ ಧೂಳು ಹೊಗೆಯಂತೆ ಬಿಚ್ಚಿಕೊಂಡಿತು. ಫಟ್ಟನೆ ವೀರೇಶ ಬಂದು ಗೆರೆ ದಾಟಿದ. ಅವನ ಕೈಯಲ್ಲಿ ಕಡಗ.

"ಕೇಳ್ರಿ, ಕೇಳ್ರಿ!" ನಾನು ಮೈಕಿನಲ್ಲಿ ಕೂಗಿದೆ. "ಇದು ಎರಡನೇ ಓಟ! ಮೊದಲನೇದು ಹನುಮಪ್ಪನೇ ಗೆದ್ದಾನ! ಕ್ಯಾಮರಾದ ಚಾವಿ ಮುಗದಿತ್ತು!"

ಊರಿಗೆ ಊರೇ ಗೊಳ್ಳೆಂದು ನಕ್ಕಿತು. ಚಾವಿ ಮುಗಿದಿತ್ತಂತೆ! ಒಂದು ಗಂಟೆಯಿಂದ ಗೌಡರಂತೆ ಕೆಮ್ಮಿ, ಕೋಳಿಯಂತೆ ಕೂಗಿ, ವ್ಯಾನಿನಂತೆ ಗುರುಗುಟ್ಟಿದವನ ಬಾಯಿಂದ ಬಂದ ಸತ್ಯ; ಅದನ್ನೂ ಒಂದು ಪಾರ್ಟು ಅಂದುಕೊಂಡರು. "ಖರೇ ಹೇಳಾಕತ್ತೀನ್ರೀ" ಎಂದೆ. ಇನ್ನೂ ಜೋರಾಗಿ ನಕ್ಕರು.

ಆಗ ಗೌಡರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ತಿಳಿದವರ ದನಿಯಲ್ಲಿ ಹೇಳಿದರು: "ಸುಮ್ನಿರ್ರಲೇ. ನಮ್ಮ ಹನುಮ್ಯಾ ಸೋತಿಲ್ಲ. ಕಣ್ಣಾರೆ ನೋಡಿದ್ರಿಲ್ಲೋ? ಹೆಂಗ ಓಡಾಕತ್ತಿದ್ದ, ಒಂದೊಂದು ಹೆಜ್ಜಿ ಎಣಿಸಿ ಎಣಿಸಿ! ಬೇಕಂತಲೇ ನಿಧಾನ ಓಡ್ಯಾನ. ಧಣಿ ಹುಡುಗಗ ಬಿಟ್ಟುಕೊಟ್ಟಾನ, ಅದಕ್ಕ ಆ ಹುಡುಗ ಮೆಚ್ಚಿ ಕಡಗ ಇವಗ ಕೊಟ್ಟಾನ. ಉಂಡ ಮನಿ ಋಣ ಅಂದ್ರ ಹಂಗಿರಬೇಕು."

ಆಮೇಲೆ ನಾಲ್ಕೂ ಕಡೆಯಿಂದ ಹೌದು ಹೌದು ಎಂದು ಎದ್ದಿತು. ಹೌದಲ್ಲ, ಅಷ್ಟು ನಿಧಾನ ಯಾರಾದರೂ ಓಡುತ್ತಾರೆಯೇ? ಇನ್ನೊಬ್ಬ ಅಷ್ಟು ಜೋರು ಓಡುವಾಗ? ದೊಡ್ಡ ಮನಸ್ಸಿನವ. ಬುದ್ಧಿವಂತ. ಗಿರಣಿಯಲ್ಲಿ ಅವನ ಕೆಲಸ ಇನ್ನು ಕಲ್ಲಿನ ಮೇಲೆ ಬರೆದಂತೆ. ಹೆಂಗಸರ ಕಡೆ ಅವನ ತಾಯಿ ಈರವ್ವನ ಬೆನ್ನು ತಟ್ಟಿ ಯಾರೋ, "ಎಂಥಾ ಮಗನ್ನ ಹಡದೀ ಯವ್ವಾ" ಎಂದರು. ನನಗೆ ನಿಜ ಹೇಳಬೇಕೆಂದರೆ ಹಗುರಾಯಿತು. ಹನುಮಪ್ಪನ ಮರ್ಯಾದೆ ಉಳಿಯಿತಲ್ಲ, ನನ್ನ ಕೆಲಸ ಮುಗಿಯಿತಲ್ಲ ಎಂದು ಮೈಕು ಕೆಳಗಿಟ್ಟೆ.

ಹನುಮಪ್ಪ ಎದ್ದು ನಿಂತ. ಮಷೀನಿನ ಬೆಳಕಿಗೆ ಅಡ್ಡ ನಿಂತ. ಪರದೆಯ ತುಂಬ ಅವನ ನೆರಳು.

"ನಾ ಬಿಟ್ಟುಕೊಟ್ಟಿಲ್ಲ."

"ಇರಲಿ ಬಿಡಲೇ, ನಾಚಿಕಿ ಯಾಕ?" ಗೌಡರು ನಕ್ಕರು. "ಒಳ್ಳೇ ಕೆಲಸನೇ ಮಾಡೀದಿ."

"ಬಿಟ್ಟುಕೊಟ್ಟಿಲ್ಲರೀ ಗೌಡ್ರ. ಮೊದಲನೇದು ಗೆದ್ದೀನಿ. ಎರಡನೇದು ಸೋತೀನಿ. ದಣದಿದ್ದೆ, ಸೋತೆ. ಸೋತಾನ ಅನ್ರಿ, ನಡೀತದ. ಬಿಟ್ಟುಕೊಟ್ಟಾನ ಅನ್ನಬ್ಯಾಡ್ರಿ."

"ಏ ಹುಚ್ಚಾ, ಹೊಗಳಾಕತ್ತೀನೋ ನಿನ್ನ!"

"ಬ್ಯಾಡ್ರಿ. ನಮ್ಮಪ್ಪ ಬಿಟ್ಟುಕೊಟ್ಟ, ನಮ್ಮ ಮುತ್ಯಾ ಬಿಟ್ಟುಕೊಟ್ಟ. ನಾ ಓಡೀನಿ."

ಯಾರೂ ನಗಲಿಲ್ಲ. ಯಾರೂ ನಂಬಲೂ ಇಲ್ಲ. ಮಂದಿ ತಮ್ಮ ಕಣ್ಣಿಂದ ನೋಡಿದ್ದಾರೆ. ಅವನು ನಿಧಾನ ಓಡಿದ್ದಾನೆ. ನನ್ನ ಕಡೆ ತಿರುಗಿ ಅವನು, "ನೀವು ಹೇಳ್ರಿ" ಎಂದ. ಕ್ಯಾಮರಾ ಜೋರಾಗಿ ಓಡಿದರೆ ಮನುಷ್ಯ ನಿಧಾನವಾಗುತ್ತಾನೆ ಎಂಬುದನ್ನು ಆ ಊರಿಗೆ, ಆ ಗಳಿಗೆಯಲ್ಲಿ, ಈ ನಕಲಿಯ ಬಾಯಿಂದ ತಿಳಿಸುವುದು ಹೇಗೆ? ಬಾಯಿ ತೆರೆದೆ. ಮುಂದೆ ಕೂತ ಹುಡುಗರು ಆಗಲೇ ಹಲ್ಲು ಕಿರಿದು ನಗಲು ಸಿದ್ಧರಾದರು. ಮುಚ್ಚಿದೆ.

ಇಷ್ಟೆಲ್ಲ ನಡೆಯುವಾಗ ಖಾದರ್‌ಭಾಯಿ ಮಷೀನು ನಿಲ್ಲಿಸಿರಲಿಲ್ಲ. ಹನುಮಪ್ಪನ ನೆರಳಿನ ಅಂಚಿನಲ್ಲಿ ಏನೋ ಕದಲುತ್ತಿತ್ತು. ಹೆಂಗಸರ ಕಡೆಯಿಂದ ಈರವ್ವ ಎದ್ದಳು.

"ಏ ಹನುಮಾ, ಸರಿ ಅತ್ಲಾಗ. ಕಾಣವಲ್ದು."

ಅವನು ಸರಿದ. ಪರದೆಯ ಮೇಲೆ ಓಟ ಮುಗಿದು ರಾಯರ ಸುಸ್ತಿನ ಭಾಗ ನಡೆಯುತ್ತಿತ್ತು. ಹನುಮಪ್ಪ ಚೀಲಕ್ಕೆ ಹಣೆ ಹಚ್ಚಿ ಕೂತಿದ್ದ. ಅಷ್ಟರಲ್ಲಿ ಅದೂ ಮುಗಿದು ಪರದೆ ಬೆಳ್ಳಗಾಯಿತು.

"ಯಪ್ಪಾ, ಮಷೀನ್ ಹೊಡಿಯಾಂವಾ," ಈರವ್ವ ಖಾದರ್‌ಭಾಯಿಯನ್ನು ಕೂಗಿದಳು. "ಇದನ್ನ ಇನ್ನೊಮ್ಮಿ ತೋರ್ಸು."

"ಗೆದ್ದದ್ದೇನವ್ವಾ?"

"ಗೆದ್ದದ್ದು ಯಾರಿಗಿ ಬೇಕು? ದಣದದ್ದು ತೋರ್ಸಪಾ."

ಖಾದರ್‌ಭಾಯಿ ರೀಲು ಹಿಂದಕ್ಕೆ ಓಡಿಸುವವರಲ್ಲ. ಮಷೀನಿನ ಹಲ್ಲು ಸವೆಯುತ್ತದೆ ಎಂದು ಸಾಹೇಬರಿಗೇ ಇಲ್ಲ ಅಂದವರು. ಅಂದು ಹಿಂದಕ್ಕೆ ಓಡಿಸುವ ಖಟಕಾ ತಿರುಗಿಸಿದರು. ಹನುಮಪ್ಪ ಹಿಂದುಹಿಂದಕ್ಕೆ ಎದ್ದು, ಚೀಲ ಬೆನ್ನಿಗೇರಿಸಿಕೊಂಡು, ಗೆರೆಯಾಚೆ ಹೋದ. ಹುಡುಗರು ಕೂಡ ನಗಲಿಲ್ಲ. ಮತ್ತೆ ಮುಂದಕ್ಕೆ.

ಗೆರೆ ದಾಟಿದ. ಮೊಣಕಾಲು ಮಡಚುವ ಮೊದಲು ತೊಡೆ ನಡುಗಿತು, ಗಾಳಿಗೆ ಸಿಕ್ಕ ಬಟ್ಟೆಯಂತೆ. ಒಂದು ಕೈ ನೆಲ ಹುಡುಕಿತು, ಸಿಗಲಿಲ್ಲ, ಮತ್ತೆ ಹುಡುಕಿತು. ಚೀಲ ಇಳಿಯಿತು. ಪಕ್ಕೆಲುಬುಗಳು ಒಂದೊಂದಾಗಿ ತೆರೆದು ಮುಚ್ಚಿದವು. ಬಾಯಿಂದ ಒಂದು ಎಳೆ ಜೊಲ್ಲು ಇಳಿಯಿತು, ಇಳಿಯುತ್ತಲೇ ಇತ್ತು, ಅದನ್ನು ಒರೆಸಿಕೊಳ್ಳಲು ಕೈ ಮೇಲೆ ಬರಲಿಲ್ಲ. ಗೆದ್ದವರ ಹಿಂದೆ ಇರುವಂತೆಯೇ ಅವನ ಹಿಂದೆಯೂ ಬರೀ ಆಕಾಶವಿತ್ತು.

"ನೋಡ್ರಿ," ಈರವ್ವ ಅಂದಳು. ಯಾರ ಕಡೆಗೂ ತಿರುಗಲಿಲ್ಲ. "ದಿನಾ ಸಂಜಿಗಿ ಮನಿ ಹೊಸ್ತಿಲದಾಗ ಹಿಂಗಽ ಕುಂದರ್ತಾನ. ನನಗ ಗೊತ್ತದ ಇದು. ಬಿಟ್ಟುಕೊಟ್ಟಾಂವ ಹಿಂಗ ದಣೀತಾನೇನು?"

ಹೆಂಗಸರ ಕಡೆಯಿಂದ ಯಾರೋ, ಇಲ್ಲವ್ವ, ಎಂದರು. ಗಂಡಸರ ಕಡೆ ಹಮಾಲಿ ಮಾಡುವವರು, ನಾಟಿಗೆ ಹೋಗುವವರು, ಕಲ್ಲು ಒಡೆಯುವವರು ಇದ್ದರು. ಅವರಲ್ಲಿ ಒಬ್ಬ ತನಗೆ ಗೊತ್ತಿಲ್ಲದೆ ತನ್ನ ತೊಡೆಯನ್ನು ಹಿಡಿದುಕೊಂಡಿದ್ದ. ನಾನು ಗೌಡರನ್ನು ನೋಡಿದೆ. ಅವರ ಕಣ್ಣು ಪರದೆ ಬಿಟ್ಟು ಕದಲಿರಲಿಲ್ಲ, ಬಾಯಿ ಅರ್ಧ ತೆರೆದಿತ್ತು. ಅಲ್ಲಿ ಹನುಮಪ್ಪನ ಹಣೆ ಚೀಲಕ್ಕೆ ಇನ್ನೂ ತಾಗಿರಲಿಲ್ಲ, ತಾಗಲು ಬಹಳ ಹೊತ್ತು ಹಿಡಿಯುತ್ತಿತ್ತು.

ಗೌಡರು ಪರದೆ ನೋಡುತ್ತಲೇ ಕೈಕೋಲನ್ನು ನೆಲಕ್ಕೆ ಕುಟ್ಟಿದರು.

"ಲೇ, ನೋಡ್ತಾ ಕುಂತೀರಲ್ಲಲೇ! ಯಾರರ ಅವಗ ನೀರು ಕೊಡ್ರಿ!"